ಬೀದಿ ಕಡೆಯ ಕೋಣೆಯಲ್ಲಿ ರಕ್ಷಣಾ ಸಂಸ್ಥೆ

1996ನೇ ಇಸವಿ ಜೂನ್ 10, ಸೋಮವಾರ, ಬೆಳಗ್ಗೆ ಹತ್ತು ಗಂಟೆ ಹತ್ತು ನಿಮಿಷ. ಅರಸೀಕೆರೆಯಲ್ಲಿ ನಮ್ಮ ದೊಡ್ಡಪ್ಪನ ಮನೆಯ ಬೀದಿ ಕಡೆಯ ಕೋಣೆಯ ಬಾಗಿಲ ಮೇಲೆ ಒಂದು ಬೋರ್ಡು ಏರಿದ್ದು ಆಗ. ನೀಲಿ ತಗಡು, ಬಿಳಿ ಅಕ್ಷರ: ‘ಅಂತರರಾಷ್ಟ್ರೀಯ ಭದ್ರತೆ ಮತ್ತು ರಕ್ಷಣಾ ಅಧ್ಯಯನ ಸಂಸ್ಥೆ, ಗೌರವ ಪ್ರತಿನಿಧಿಯ ಕಚೇರಿ.’ ನಾನು ಸ್ಟೂಲು ಹಿಡಿದುಕೊಂಡಿದ್ದೆ. ದೊಡ್ಡಪ್ಪ ಮೊಳೆ ಹೊಡೆಯುತ್ತಿದ್ದರು. ದೊಡ್ಡಮ್ಮ ಜಗುಲಿಯ ಮೇಲೆ ಹೊಲಿಗೆ ಮೆಷಿನ್ನಿನ ಮುಂದೆ ಕೂತು, ತುಳಿಯುವುದನ್ನು ನಿಲ್ಲಿಸಿ ನೋಡುತ್ತಿದ್ದರು.

“ಹಂಗಾರೆ ಈ ರೂಮು ನಂಗಿಲ್ಲ ಅನ್ನಿ,” ಎಂದರು ದೊಡ್ಡಮ್ಮ.

“ಇದು ಅಂತರರಾಷ್ಟ್ರೀಯ ವಿಷಯ ಕಣೇ,” ಎಂದರು ದೊಡ್ಡಪ್ಪ, ಬಾಯಲ್ಲಿ ಎರಡು ಮೊಳೆ ಇಟ್ಟುಕೊಂಡೇ.

ಮೊದಲು ಆ ಕೋಣೆಯ ವಿಷಯ ಹೇಳಬೇಕು. ದೊಡ್ಡಪ್ಪ ತಾಲ್ಲೂಕು ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದವರು. ಮನೆಗೆ ತಂದ ಕಡತಗಳನ್ನು ಹರವಿಕೊಳ್ಳಲು ಆ ಕೋಣೆ ಅವರದಾಗಿತ್ತು. ದೊಡ್ಡಮ್ಮ ಹೊಲಿಗೆಯವರು. ಮೆಷಿನ್ನು ಜಗುಲಿಯ ಮೇಲೆ; ಮಳೆ ಬೀಸಿದರೆ ಬಟ್ಟೆಯೆಲ್ಲ ಒದ್ದೆ, ಗಾಳಿ ಬಂದರೆ ಕತ್ತರಿಸಿದ ತುಂಡುಗಳೆಲ್ಲ ಬೀದಿಗೆ. ರಿಟೈರಾದ ದಿನ ಕೋಣೆ ನಿನ್ನದು ಎಂದು ದೊಡ್ಡಪ್ಪ ಮಾತು ಕೊಟ್ಟಿದ್ದರು. ಅಲ್ಲಿ ನಾಲ್ಕು ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸಬೇಕು ಎಂಬುದು ದೊಡ್ಡಮ್ಮನ ಆಸೆ. ಆ ನಾಲ್ವರೂ ನಮ್ಮ ಬೀದಿಯವರೇ, ಕಾದು ಕೂತಿದ್ದರು. ದೊಡ್ಡಪ್ಪ ಮೇ 31ಕ್ಕೆ ರಿಟೈರಾದರು. ಹತ್ತನೇ ದಿನಕ್ಕೆ ಬೋರ್ಡು ಬಂತು.

ನಾನು ಗಂಡಸಿ ಕಡೆಯ ಹಳ್ಳಿಯವಳು. ಬಿ.ಕಾಂ. ಓದಲು ಅರಸೀಕೆರೆಗೆ ಬಂದು ದೊಡ್ಡಪ್ಪನ ಮನೆಯಲ್ಲಿದ್ದೆ. ಎಸ್ಸೆಸ್ಸೆಲ್ಸಿಯಿಂದಲೂ ಡೈರಿ ಬರೆಯುತ್ತಿದ್ದೇನೆ. ದಿನಾಂಕ, ಹೊತ್ತು, ಎಷ್ಟು ಜನ, ಎಷ್ಟು ಸಲ ಎಂಬುದನ್ನು ಬರೆಯದಿದ್ದರೆ ಆ ದಿನ ಕಳೆದಂತೆಯೇ ನನಗೆ ಅನ್ನಿಸುವುದಿಲ್ಲ. ಹಾಗಾಗಿ ದೊಡ್ಡಪ್ಪ ನನ್ನನ್ನು ಸಂಸ್ಥೆಯ ಸಹಾಯಕಿಯನ್ನಾಗಿ ಮಾಡಿಕೊಂಡರು. ಅದಕ್ಕೆ ಒಂದು ಆದೇಶವನ್ನೂ ಟೈಪು ಮಾಡಿಸಿದರು. ಟೈಪು ಮಾಡಿದವಳು ನಾನೇ.

ಸಂಸ್ಥೆ ನಿಜವಾದದ್ದೇ. ಯೂರೋಪಿನ ಯಾವುದೋ ಚಳಿ ದೇಶದಲ್ಲಿತ್ತು. ಪ್ರಪಂಚದ ಯಾವ ಮೂಲೆಯಲ್ಲಿ ಎಷ್ಟು ಸೈನ್ಯವಿದೆ, ಎಷ್ಟು ವಾಹನ, ಎಷ್ಟು ಪ್ರಾಣಿ ಎಂದು ಲೆಕ್ಕ ಹಾಕಿ ವರ್ಷಕ್ಕೊಂದು ದಪ್ಪ ಪುಸ್ತಕ ತರುವುದು ಅದರ ಕೆಲಸ. ಊರೂರಲ್ಲಿ ಸಂಬಳವಿಲ್ಲದ ಪ್ರತಿನಿಧಿಗಳು ಬೇಕು ಎಂಬ ಅವರ ಪ್ರಕಟಣೆಯನ್ನು ದೊಡ್ಡಪ್ಪ ಲೈಬ್ರರಿಯ ಹಳೆಯ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಕಂಡು ಅರ್ಜಿ ಹಾಕಿದ್ದರು. ಅರ್ಜಿಯ ಒಂದು ಕಾಲಮ್ಮನ್ನೂ ಖಾಲಿ ಬಿಟ್ಟಿರಲಿಲ್ಲ. ‘ತಿಳಿದಿರುವ ಯುದ್ಧಭಾಷೆಗಳು’ ಎಂದಿದ್ದ ಕಡೆ ಕನ್ನಡ ಎಂದು ಬರೆದಿದ್ದರು. ಎರಡು ತಿಂಗಳಿಗೆ ಫೋಟೋ ಅಂಟಿಸಿದ ಗುರುತಿನ ಚೀಟಿ, ಒಂದು ರಬ್ಬರ್ ಸ್ಟಾಂಪು, ಒಂದು ದಪ್ಪ ಪುಸ್ತಕ ಬಂದವು.

ಬೋರ್ಡು ಏರಿದ ಮೊದಲ ತಿಂಗಳು ಕಚೇರಿಗೆ ಬಂದವರು ಇಪ್ಪತ್ತಮೂರು ಜನ. ಮಿಲಿಟರಿ ಸೇರಲು ಬಂದವರು ಹನ್ನೊಂದು. ತೆಂಗಿನಕಾಯಿ ಕಳ್ಳತನದ ದೂರು ಐದು. ಬಂದೂಕಿನ ಲೈಸೆನ್ಸ್ ಕೇಳಿದವರು ಮೂರು. ವಿಮೆ ಕಟ್ಟಲು ಬಂದವರು ಇಬ್ಬರು. ಬೀದಿನಾಯಿಯ ದೂರು ಒಂದು. ಸೊಸೆಯಿಂದ ರಕ್ಷಣೆ ಬೇಕು ಎಂದು ಒಬ್ಬ ಅಜ್ಜಿ. ಎಲ್ಲರಿಗೂ ದೊಡ್ಡಪ್ಪ ಎದ್ದು ನಿಂತು ಒಂದೇ ಉತ್ತರ ಹೇಳುತ್ತಿದ್ದರು: “ನಮ್ಮದು ಅಧ್ಯಯನ ಮಾತ್ರ.”

“ಅಧ್ಯಯನ ಮಾಡ್ತಾ ಇರಿ ಸಾಮಿ,” ಎಂದಿದ್ದರು ಗಂಡಸಿಯ ತೋಟದವರೊಬ್ಬರು. “ಅಷ್ಟೊತ್ಗೆ ನಮ್ ಕಾಯೆಲ್ಲ ತಿಪಟೂರ್ ಸೇರಿರ್ತವೆ.”

ಅಜ್ಜಿ ಮಾತ್ರ ಬಿಡಲಿಲ್ಲ. ಪ್ರತಿ ಗುರುವಾರ ಬಂದು ಅರ್ಧ ಗಂಟೆ ಕೂತು ಸೊಸೆಯ ಚಲನವಲನ ವರದಿ ಮಾಡಿ ಹೋಗುತ್ತಿದ್ದರು. ದೊಡ್ಡಪ್ಪ ಅದನ್ನೂ ದಾಖಲು ಮಾಡಿಸಿದರು.

ಡಿಸೆಂಬರಿನಲ್ಲಿ ಸಂಸ್ಥೆಯ ವಾರ್ಷಿಕ ನಮೂನೆ ಬಂತು. ನಿಮ್ಮ ಪ್ರದೇಶದಲ್ಲಿ ಕಾಲಾಳು ಎಷ್ಟು, ಕುದುರೆ ಎಷ್ಟು, ಇತರ ಪ್ರಾಣಿಗಳು ಎಷ್ಟು, ನೌಕಾಪಡೆ, ವಾಯುಪಡೆ, ಮಹಿಳಾ ಸಿಬ್ಬಂದಿ, ಹೀಗೆ ನಾಲ್ಕು ಪುಟ. ನಮ್ಮ ಕಡೆ ಇದ್ಯಾವುದೂ ಇಲ್ಲವಲ್ಲ. ದೊಡ್ಡಪ್ಪ ಎಲ್ಲ ಕಡೆಯೂ ‘ಇಲ್ಲ’ ಎಂದೇ ಬರೆಸಿ ಕಳಿಸಿದರು. 1997ರ ಫೆಬ್ರವರಿಯಲ್ಲಿ ಉತ್ತರ ಬಂತು. ವರದಿಗೆ ಧನ್ಯವಾದ, ಸತತ ಎರಡು ವರ್ಷ ನಮೂದಿಸಲು ಏನೂ ಇಲ್ಲದ ಪ್ರದೇಶದ ಪ್ರತಿನಿಧಿಯ ಸ್ಥಾನವನ್ನು ಬೇರೆ ಪ್ರದೇಶಕ್ಕೆ ಕೊಡಲಾಗುವುದು, ಇದು ಸಂಸ್ಥೆಯ ನಿಯಮ ಎಂದಿತ್ತು.

ದೊಡ್ಡಪ್ಪನ ಮುಖ ಇಳಿದುಹೋಯಿತು. “ನನಗೆ ಬುದ್ಧಿ ಇರಲಿಲ್ಲ ಕಣಮ್ಮ,” ಎಂದರು. “ಮೂವತ್ತನಾಲ್ಕು ವರ್ಷ ಸರ್ವೀಸ್ ಮಾಡಿದೋನು ನಾನು. ಶೂನ್ಯ ವರದಿ ಕೊಟ್ರೆ ಹುದ್ದೆ ರದ್ದಾಗುತ್ತೆ ಅಂತ ಗೊತ್ತಿಲ್ವಾ? ನಮ್ಮ ಆಫೀಸಲ್ಲಿ ಕುದುರೆ ಲಾಯದ ಗುಮಾಸ್ತ ಅಂತ ಒಬ್ಬ ಇದ್ದ. ಕುದುರೆ ಹೋಗಿ ಎಷ್ಟೋ ಕಾಲ ಆಗಿತ್ತು. ಪ್ರತಿ ವರ್ಷ ಏನಾದ್ರೂ ಬರೀತಿದ್ದ. ಒಂದು ವರ್ಷ ಜ್ವರ ಬಂದು ನಿಲ್ ಅಂತ ಕಳಿಸ್ದ. ಅಲ್ಲಿಗೆ ಮುಗೀತು.”

ದೊಡ್ಡಮ್ಮ ಒಳಗಿನಿಂದಲೇ ಕೇಳಿಸಿಕೊಂಡಿದ್ದರು. ಹೊರಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತರು. “ಈಗ ಒಂದ್ ಮಾತಾಡಾನ. ಆ ಸೀಟು ಹೋದ ದಿನ ರೂಮು ನಂದು. ಸೀಟು ಉಳೀತಾ, ನಾನು ಜಗಲಿ ಮ್ಯಾಲೇ ಸಾಯ್ತೀನಿ, ಇನ್ನೊಂದ್ ಸಲ ಕೇಳಕಿಲ್ಲ. ಒಪ್ಗೇನಾ?”

“ಒಪ್ಪಿಗೆ,” ಎಂದರು ದೊಡ್ಡಪ್ಪ.

“ಲೇ, ಬರ್ಕಳೇ,” ಎಂದು ದೊಡ್ಡಮ್ಮ ನನಗೆ ಹೇಳಿದರು. ಬರೆದುಕೊಂಡೆ: 1997 ಫೆಬ್ರವರಿ 20, ಸಂಜೆ ಆರು ಇಪ್ಪತ್ತೈದು.

ನನಗೆ ಅಂದಿನಿಂದ ಸಂಕಟ ಶುರುವಾಯಿತು. ಸಹಾಯಕಿಯಾಗಿ ಸೀಟು ಉಳಿಸುವುದು ನನ್ನ ಕೆಲಸ. ಆದರೆ ಆ ವರ್ಷ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗೆ ದೊಡ್ಡಮ್ಮ ಮೆಷಿನ್ನನ್ನು ಎಳೆದು ಒಳಗೆ ತಂದದ್ದು ನಲವತ್ತೊಂದು ಸಲ. ಅದನ್ನೂ ಎಣಿಸಿದವಳು ನಾನೇ. ಒಳಗೆ ಎಂದರೆ ಅಡುಗೆಮನೆಯ ಪಕ್ಕದ ಕತ್ತಲೆ ಓಣಿ. ಅಲ್ಲಿ ಸೂಜಿಗೆ ದಾರ ಪೋಣಿಸಲು ನನ್ನನ್ನು ಕರೆಯುತ್ತಿದ್ದರು.

ನವೆಂಬರಿನಲ್ಲಿ ಒಂದು ದಿನ ದೊಡ್ಡಪ್ಪ ಊಟದ ಮಧ್ಯೆ ಕೈ ತಡೆದು ಕೂತರು.

“ನಮೂನೆಯಲ್ಲಿ ಪ್ರಾಣಿಗಳ ಸಂಖ್ಯೆ ಅಂತ ಇದೆ. ಜೀವ ಇರೋ ಪ್ರಾಣಿ ಅಂತ ಎಲ್ಲಾದ್ರೂ ಇದೆಯಾ?”

ಹಿಂದಿನ ವರ್ಷದ ನಮೂನೆಯ ಪ್ರತಿ ತಂದು ನೋಡಿದೆ. ಇರಲಿಲ್ಲ.

“ಹಳೇಬೀಡಿನ ಗೋಡೆ ಮೇಲೆ ಎಷ್ಟು ಆನೆ ಇದೆಯಮ್ಮ?”

“ಕಲ್ಲಿನವಲ್ವಾ ದೊಡ್ಡಪ್ಪ?”

“ಕಲ್ಲಿನವು ಅಂತ ಷರಾದಲ್ಲಿ ಬರೀತೀವಿ. ನಾವೇನು ಸುಳ್ಳು ಹೇಳ್ತೀವಾ?”

ಷರಾ ಎಂದರೆ ಕಚೇರಿಯ ನಮೂನೆಗಳಲ್ಲಿ ಬಲತುದಿಯಲ್ಲಿರುವ, ವಿವರಣೆ ಬರೆಯುವ ಕಾಲಮ್ಮು. ದೊಡ್ಡಪ್ಪನಿಗೆ ಅದರ ಮೇಲೆ ದೇವರಷ್ಟು ನಂಬಿಕೆ. ಷರಾದಲ್ಲಿ ಸತ್ಯ ಬರೆದುಬಿಟ್ಟರೆ ಉಳಿದ ಕಾಲಮ್ಮುಗಳಲ್ಲಿ ಏನು ಬರೆದರೂ ತಪ್ಪಿಲ್ಲ ಎಂಬುದು ಅವರ ಸರ್ವೀಸಿನ ಸಾರ. “ಷರಾ ಯಾರೂ ಓದಲ್ಲ ಕಣಮ್ಮ. ಆದ್ರೆ ನಾಳೆ ವಿಚಾರಣೆ ಬಂದ್ರೆ ಮೊದಲು ಓದೋದು ಅದನ್ನೇ,” ಎನ್ನುತ್ತಿದ್ದರು.

ನವೆಂಬರ್ 16, ಭಾನುವಾರ, ಜಾವಗಲ್ ಮೇಲೆ ಹೋಗುವ ಬಸ್ಸು ಹಿಡಿದು ಹಳೇಬೀಡಿಗೆ ಹೋದೆವು. ದೊಡ್ಡಪ್ಪ ಎಡದಿಂದ, ನಾನು ಬಲದಿಂದ ಎಣಿಸುತ್ತ ಬಂದೆವು. ನಾನು ನಾಲ್ಕು ಗೆರೆ ಎಳೆದು ಐದನೆಯದನ್ನು ಅಡ್ಡ ಹಾಕುತ್ತಿದ್ದೆ. ದೊಡ್ಡಪ್ಪ ಪ್ರತಿ ಆನೆಗೂ ತಲೆಯಾಡಿಸಿ ಮುಂದೆ ಹೋಗುತ್ತಿದ್ದರು, ಹಾಜರಿ ಕೂಗುವವರ ಹಾಗೆ. ಸಾಲು ಸಾಲಾಗಿ ಅವು ಅಷ್ಟು ವರ್ಷಗಳಿಂದ ಒಂದೇ ದಿಕ್ಕಿಗೆ ನಡೆಯುತ್ತಿವೆ. ಕುದುರೆ ಸವಾರರಿಗೆ ಬೇರೆ ಹಾಳೆ, ಕಾಲಾಳಿಗೆ ಬೇರೆ ಹಾಳೆ. ಮೂಲೆಯಲ್ಲಿ ನಾವಿಬ್ಬರೂ ಎದುರಾದಾಗ ಒಂದು ಜಗಳವೂ ಆಯಿತು. ಮೂಲೆಯ ಆನೆಯನ್ನು ಇಬ್ಬರೂ ಎಣಿಸಿದ್ದೆವು. ಕೊನೆಗೆ ಇಬ್ಬರೂ ಬೇರೆ ಬೇರೆಯಾಗಿ ಪೂರ್ತಿ ಸುತ್ತನ್ನೇ ಎಣಿಸುವುದೆಂದು ತೀರ್ಮಾನವಾಯಿತು.

ದೇವಸ್ಥಾನದ ಕಾವಲುಗಾರ ಬಹಳ ಹೊತ್ತು ದೂರದಿಂದ ನೋಡಿ ಹತ್ತಿರ ಬಂದ. ವಯಸ್ಸಾದವನು, ತಲೆಗೆ ಟವೆಲ್ ಸುತ್ತಿದ್ದ.

“ಏನ್ ಎಣಿಸ್ತಾ ಇದೀರ ಬುದ್ದಿ?”

“ಆನೆ,” ಎಂದರು ದೊಡ್ಡಪ್ಪ.

“ಯಾಕೆ? ಯಾವ್ದಾರ ಕಳ್ದೋಗೈತಾ?”

“ಇಲ್ಲಪ್ಪ. ಇಂಟರ್‌ನ್ಯಾಷನಲ್ ಲೆಕ್ಕ.”

ಅವನು ಟವೆಲ್ ಬಿಚ್ಚಿ ಮತ್ತೆ ಸುತ್ತಿಕೊಂಡ. “ಒಟ್ನಲ್ಲಿ ಕಮ್ಮಿ ಆದ್ರೆ ನನ್ ತಲೆ ಮ್ಯಾಲ್ ಹಾಕ್ಬ್ಯಾಡಿ ಸಾಮಿ. ನಾನ್ ಬಂದಾಗ ಎಷ್ಟಿದ್ವೋ ಈಗ್ಲೂ ಅಷ್ಟೇ ಅವೆ,” ಎಂದು ಹೇಳಿ ಹೋದ. ಹೋದವನು ತಾನೂ ಒಂದು ಸುತ್ತು ಎಣಿಸಿಕೊಂಡು ಬಂದುದನ್ನು ನಾನು ನೋಡಿದೆ.

ಪಕ್ಕದ ಬಸ್ತಿಹಳ್ಳಿಯ ಬಸದಿಗಳಿಗೂ ಹೋಗೋಣವೇ ಎಂದು ಕೇಳಿದೆ. “ಬೇಡ,” ಎಂದರು ದೊಡ್ಡಪ್ಪ. “ಅಲ್ಲಿರೋರು ಅಹಿಂಸೆಯವರು. ಅವರನ್ನ ಸೈನ್ಯದ ಲೆಕ್ಕಕ್ಕೆ ತಗೊಂಡ್ರೆ ತಪ್ಪಾಗುತ್ತೆ. ತಟಸ್ಥ ಪ್ರದೇಶ ಅಂತ ಬರಿ.” ಬರೆದೆ.

ಮಧ್ಯಾಹ್ನ ಬೇಲೂರಿಗೆ ಹೋದೆವು. ವಾಯುಪಡೆಯ ಕಾಲಮ್ಮು ದೊಡ್ಡಪ್ಪನನ್ನು ಬಹಳ ಕಾಡಿತ್ತು. ದೇವಸ್ಥಾನದ ಅಂಗಳದಲ್ಲಿ ಕೈಮುಗಿದು ನಿಂತ ಗರುಡನನ್ನು ಕಂಡದ್ದೇ ಅವರ ಮುಖ ಅರಳಿತು. ವಾಯುಪಡೆ: ಒಂದು. ಷರಾ: ಶಿಲ್ಪ, ರೆಕ್ಕೆ ಇದೆ, ಸದ್ಯ ನೆಲದ ಮೇಲಿದೆ. ಮಹಿಳಾ ಸಿಬ್ಬಂದಿ ಎಂಬಲ್ಲಿ ಬಿಲ್ಲು ಹಿಡಿದ ಶಿಲಾಬಾಲಿಕೆಯರನ್ನು ಮಾತ್ರ ತೆಗೆದುಕೊಂಡೆವು. ಕನ್ನಡಿ ಹಿಡಿದವಳು ನನಗೆ ಇಷ್ಟವಾಗಿದ್ದಳು. “ಕನ್ನಡಿ ಆಯುಧ ಅಲ್ಲ,” ಎಂದು ದೊಡ್ಡಪ್ಪ ಬಿಡಿಸಿದರು. ನೌಕಾಪಡೆಗೆ ಹಳೇಬೀಡಿನ ಕೆರೆಯಲ್ಲಿ ಕಂಡ ಎರಡು ಹರಿಗೋಲು. ಷರಾ: ಮೀನು ಹಿಡಿಯುವವರದು.

ಆನೆಯ ಲೆಕ್ಕದಲ್ಲಿ ನನ್ನದು ದೊಡ್ಡಪ್ಪನದಕ್ಕಿಂತ ಹದಿನೇಳು ಹೆಚ್ಚಿತ್ತು. “ಹೆಚ್ಚು ತೋರಿಸಿದ್ರೆ ಆಡಿಟ್ ಬರುತ್ತೆ,” ಎಂದು ಅವರ ಸಂಖ್ಯೆಯನ್ನೇ ಬರೆಸಿದರು. ಗರುಡ, ಹರಿಗೋಲು ಬಿಟ್ಟು ಉಳಿದ ಪ್ರತಿ ಸಾಲಿನ ಷರಾದಲ್ಲೂ ‘ಕಲ್ಲಿನವು, ಹೊಯ್ಸಳರ ಕಾಲ’ ಎಂದು ಟೈಪು ಮಾಡಿದೆ. ನಾಲ್ಕು ಪುಟದಲ್ಲಿ ಹನ್ನೆರಡು ಸಲ ಬಂತು. ಇದನ್ನು ಓದಿದ ಮೇಲೆ ಸಂಸ್ಥೆ ನಮ್ಮನ್ನು ತೆಗೆದುಹಾಕುವುದು ಖಂಡಿತ, ದೊಡ್ಡಮ್ಮನಿಗೆ ಕೋಣೆ ಸಿಗುವುದು ಖಂಡಿತ ಎಂದು ನಾನು ಒಳಗೊಳಗೇ ಖುಷಿಪಟ್ಟೆ. ಆ ಖುಷಿಗೆ ನಾಚಿಕೆಯೂ ಆಯಿತು. ಎರಡನ್ನೂ ಬರೆದುಕೊಂಡಿದ್ದೇನೆ.

1998ರ ಮಾರ್ಚಿನಲ್ಲಿ ಬಂದ ಲಕೋಟೆ ದಪ್ಪಗಿತ್ತು. ಅಚ್ಚಿಗೆ ಹೋಗುವ ಪುಟದ ಪ್ರತಿ ಒಳಗಿತ್ತು. ನಮ್ಮ ಜಿಲ್ಲೆ ಒಂದು ಸಾಲಾಗಿ ಮೂಡಿತ್ತು: ಕಾಲಾಳು ಇಷ್ಟು, ಕುದುರೆ ಇಷ್ಟು, ಆನೆ ಇಷ್ಟು, ಹರಿಗೋಲು ಎರಡು, ವಾಯುಪಡೆ ಒಂದು. ಜಾಗ ಸಾಲದೆಂದು ಅವರು ಷರಾ ಕಾಲಮ್ಮನ್ನು ಅಚ್ಚು ಮಾಡಿರಲಿಲ್ಲ. ಆನೆಪಡೆಯಲ್ಲಿ ನಮ್ಮ ಜಿಲ್ಲೆಗೆ ಸಮನಾದದ್ದು ಆ ಪುಟದಲ್ಲಿ ಬೇರೊಂದಿರಲಿಲ್ಲ. ಜೊತೆಗೊಂದು ಪ್ರಶ್ನೆ: ಇವುಗಳ ಪೈಕಿ ಸೇವೆಗೆ ಅರ್ಹವಾದವು ಎಷ್ಟು?

“ದೊಡ್ಡಪ್ಪ, ಈಗ್ಲಾದ್ರೂ ಒಂದು ಕಾಗದ ಬರೆದುಬಿಡೋಣ, ಇವು ಶಿಲ್ಪಗಳು ಅಂತ.”

“ಬರೆದಾಗಿದೆಯಲ್ಲಮ್ಮ. ಹನ್ನೆರಡು ಸಲ. ಹದಿಮೂರನೇ ಸಲ ಬರೆದ್ರೆ ಮೊದಲಿನ ಹನ್ನೆರಡರ ಮೇಲೂ ಅನುಮಾನ ಬರುತ್ತೆ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡ್ಬೇಕು.”

ಏಪ್ರಿಲ್ 5, ಭಾನುವಾರ, ಮತ್ತೆ ಹಳೇಬೀಡು. ಸೊಂಡಿಲು ಮುರಿದವು, ಕಾಲು ಹೋದವು, ಮುಖ ಸವೆದವು ಅನರ್ಹ. ಕಿವಿಯ ತುದಿ ಮಾತ್ರ ಒಡೆದಿದ್ದರೆ ಅರ್ಹ. ಕಾವಲುಗಾರ ಈ ಸಲ ನಮ್ಮ ಜೊತೆಯಲ್ಲೇ ಬಂದ.

“ಇದ್ನ ಬುಟ್ಬುಡಿ ಸಾಮಿ, ಪಾಪ, ಸೊಂಡ್ಲೇ ಇಲ್ಲ,” ಎನ್ನುತ್ತಿದ್ದ ಒಂದು ಕಡೆ. ಇನ್ನೊಂದು ಕಡೆ, “ಇದು ನಡೀತದೆ, ಬರ್ಕಳಿ. ಒಂದ್ ಕಾಲಿಲ್ದಿದ್ರೂ ಒಳ್ಳೆ ಆನೆ,” ಎಂದು ಶಿಫಾರಸು ಮಾಡುತ್ತಿದ್ದ. ದೊಡ್ಡಪ್ಪ ಶಿಫಾರಸಿಗೆ ಬಗ್ಗುವವರಲ್ಲ. ಒಂದು ಆನೆಯ ವಿಷಯದಲ್ಲಿ ಇಬ್ಬರಿಗೂ ಮಾತು ಬೆಳೆದು, ಕೊನೆಗೆ ‘ಲಘು ಸೇವೆಗೆ ಅರ್ಹ’ ಎಂದು ಬರೆದು ರಾಜಿಯಾಯಿತು.

ಸೇವೆಗೆ ಅರ್ಹವಾದ ಆನೆಗಳ ಸಂಖ್ಯೆ ಸಂಸ್ಥೆಯವರನ್ನು ಇನ್ನಷ್ಟು ಗಾಬರಿಗೊಳಿಸಿರಬೇಕು. ತಮ್ಮ ಅಧಿಕಾರಿಯೊಬ್ಬರು ಖುದ್ದಾಗಿ ತಪಾಸಣೆಗೆ ಬರುತ್ತಾರೆ ಎಂದು ತಂತಿ ಕೊಟ್ಟರು.

ಅವರು ಬಂದದ್ದು 1998 ಜುಲೈ 14, ಮಂಗಳವಾರ, ಬೆಳಗ್ಗೆ ಒಂಬತ್ತು ನಲವತ್ತಕ್ಕೆ, ಬೆಂಗಳೂರಿನಿಂದ ಬಾಡಿಗೆ ಕಾರಿನಲ್ಲಿ. ಮೂವತ್ತೈದರ ಆಸುಪಾಸಿನ ಉದ್ದನೆಯ ಮನುಷ್ಯ. ಬಾಗಿಲಿಗೆ ತಲೆ ತಾಗಿಸಿಕೊಂಡೇ ಒಳಗೆ ಬಂದರು. ಅವರ ಕೈಯಲ್ಲೂ ಒಂದು ನಮೂನೆ ಇತ್ತು. ದೊಡ್ಡಪ್ಪ ಅದನ್ನು ಕಂಡು ಮೊದಲ ಸಲ ನಿರಾಳವಾಗಿ ಉಸಿರುಬಿಟ್ಟರು. ಮಾತೆಲ್ಲ ಇಂಗ್ಲಿಷಿನಲ್ಲಿ. ದೊಡ್ಡಪ್ಪನದು ಕಚೇರಿಯ ಇಂಗ್ಲಿಷು. ಪ್ರತಿ ವಾಕ್ಯವೂ ‘ತಮ್ಮ ಗಮನಕ್ಕೆ ತರಬಯಸುವುದೇನೆಂದರೆ’ ಎಂಬಂತೆ ಶುರುವಾಗುತ್ತಿತ್ತು.

ಅಧಿಕಾರಿ ಕೋಣೆಯನ್ನು ಸುತ್ತ ನೋಡಿ, ಗೋಡೆಯ ಮೇಲಿದ್ದ ಬುದ್ಧನ ಪಟದ ಮುಂದೆ ನಿಂತರು. ಇವರು ಸಂಸ್ಥೆಗೆ ಸಂಬಂಧಪಟ್ಟವರೇ ಎಂದು ಕೇಳಿದರು. “ಇಲ್ಲ. ರಾಜಕುಮಾರರಾಗಿದ್ದರು. ಈ ಇಲಾಖೆ ಬೇಡ ಎಂದು ಬಿಟ್ಟು ಹೋದವರು,” ಎಂದರು ದೊಡ್ಡಪ್ಪ. ಅದು ನಮೂನೆಯಲ್ಲಿ ದಾಖಲಾಯಿತು.

ಹತ್ತೂವರೆಗೆ ನಾವು ಮೂವರೂ ಕಾರಿನಲ್ಲಿ ಹಳೇಬೀಡಿಗೆ ಹೊರಟೆವು. ದಾರಿಯುದ್ದಕ್ಕೂ ಅಧಿಕಾರಿ ಕಿಟಕಿಯ ಆಚೆಗೇ ನೋಡುತ್ತಿದ್ದರು. ತೆಂಗಿನ ತೋಟಗಳ ಸಂದಿಯಲ್ಲಿ ಯಾವ ಕ್ಷಣದಲ್ಲಾದರೂ ಆನೆಯೊಂದು ಕಂಡೀತು ಎಂದು ಅವರು ಕಾಯುತ್ತಿದ್ದಾರೆ ಎಂದು ನನಗೆ ಗೊತ್ತಾಗಿತ್ತು. ಹೇಳಲು ಧೈರ್ಯ ಬರಲಿಲ್ಲ.

ಗೋಡೆಯ ಮುಂದೆ ನಿಂತಾಗ ತುಂತುರು ಹನಿ ಶುರುವಾಗಿತ್ತು. ದೊಡ್ಡಪ್ಪ ಕೈ ಚಾಚಿ, ಇಗೋ ಎಂಬಂತೆ ತೋರಿಸಿದರು. ಅಧಿಕಾರಿ ಮೊದಲು ಗೋಡೆ ನೋಡಿದರು, ಆಮೇಲೆ ತಮ್ಮ ನಮೂನೆ ನೋಡಿದರು.

“ಇಷ್ಟೇನಾ?” ಎಂದರು ಕೊನೆಗೆ.

“ಇಲ್ಲ ಸಾರ್. ಆ ಕಡೆ ಇನ್ನೂ ಅರ್ಧ ಇದೆ,” ಎಂದರು ದೊಡ್ಡಪ್ಪ. ನಮ್ಮ ವರದಿಯ ಪ್ರತಿ ತೆಗೆದು ಷರಾಗಳನ್ನು ಒಂದೊಂದಾಗಿ ತೋರಿಸಿದರು. ಹನ್ನೆರಡನ್ನೂ.

ಅಧಿಕಾರಿ ಮೆಟ್ಟಿಲ ಮೇಲೆ ಕೂತರು. ಅವರು ಹೇಳಿದ್ದರ ಸಾರಾಂಶವನ್ನು ಅಂದೇ ಡೈರಿಗೆ ಇಳಿಸಿದ್ದೇನೆ. ಅವರ ನಮೂನೆಯಲ್ಲಿ ಇದ್ದದ್ದು ಎರಡೇ ಉತ್ತರ: ‘ಇವೆ’, ‘ಇಲ್ಲ’. ‘ಇಲ್ಲ’ ಎಂದು ಬರೆದರೆ ಈ ಸಾಲನ್ನು ಪಾಸು ಮಾಡಿದವರು ಯಾರು ಎಂಬ ಪ್ರಶ್ನೆ ಬರುತ್ತದೆ. ಪಾಸು ಮಾಡಿದವರು ಅವರ ಮೇಲಧಿಕಾರಿ. ಆ ಮೇಲಧಿಕಾರಿಗೆ ಮುಂದಿನ ವರ್ಷ ನಿವೃತ್ತಿ.

ದೊಡ್ಡಪ್ಪ ಅವರ ಪಕ್ಕ ಕೂತರು. ಭುಜದ ಮೇಲೆ ಕೈಯಿಡಬೇಕೋ ಬೇಡವೋ ಎಂದು ಕೈ ಎತ್ತಿ, ಇಳಿಸಿದರು. “ಅವು ಇರೋದಂತೂ ಇವೆಯಲ್ಲ ಸಾರ್,” ಎಂದರು ಮೆತ್ತಗೆ.

ಅಧಿಕಾರಿ ಗೋಡೆ ನೋಡಿದರು. ‘ಇವೆ’ ಎಂಬುದಕ್ಕೆ ಗುರುತು ಹಾಕಿದರು. ‘ಸ್ಥಿತಿ’ ಎಂಬಲ್ಲಿ ಉತ್ತಮ ಎಂದು ಬರೆದರು. ‘ಚಲನೆ’ ಎಂಬಲ್ಲಿ ಪೆನ್ನು ನಿಂತಿತು. ನಿಲುಗಡೆಯಲ್ಲಿವೆ ಎಂದು ಬರೆದರು. ಅಷ್ಟರಲ್ಲಿ ಕಾವಲುಗಾರ ಬಂದು ಸಲಾಂ ಹೊಡೆದು, “ಇವ್ಕೆಲ್ಲ ನಾನೇ ಸಾಮಿ ಕಾವಲು,” ಎಂದ. ನಾನು ಇಂಗ್ಲಿಷಿಗೆ ತಿರುಗಿಸಿದೆ. ‘ಕಾವಲು: ಒಬ್ಬ’ ಎಂದು ಅದೂ ಸೇರಿತು.

ಅಲ್ಲಿಗೆ ಸೀಟು ಉಳಿಯಿತು. ವಾಪಸು ಬರುವಾಗ ಮಳೆ ಜೋರಾಯಿತು. ದೊಡ್ಡಪ್ಪ ಮುಂದಿನ ಸೀಟಿನಲ್ಲಿ ಸಣ್ಣಗೆ ಏನೋ ಹಾಡಿಕೊಳ್ಳುತ್ತಿದ್ದರು. ಹಿಂದೆ ಕೂತ ನನಗೆ ಜಗುಲಿಯ ಮೇಲೆ ಒದ್ದೆಯಾಗುತ್ತಿರುವ ಮೆಷಿನ್ನೇ ಕಣ್ಣಮುಂದೆ ಬರುತ್ತಿತ್ತು.

ಮೆಷಿನ್ನು ಒದ್ದೆಯಾಗಿರಲಿಲ್ಲ. ನಾಲ್ಕೂಕಾಲಿಗೆ ಮನೆ ತಲುಪಿದಾಗ ನಾವು ಕಂಡದ್ದು ಇದು: ಬಸ್ ಡಿಪೋದ ಡ್ರೈವರುಗಳು, ಕಂಡಕ್ಟರುಗಳು ಕೊಟ್ಟಿದ್ದ ಖಾಕಿ ಬಟ್ಟೆ ಕೋಣೆಯ ತುಂಬ. ಹೊಲಿದು ಮುಗಿದ ಖಾಕಿ ಅಂಗಿಗಳು ಕಿಟಕಿಗೆ, ಬಾಗಿಲಿಗೆ, ಬುದ್ಧನ ಪಟದ ಎರಡೂ ಪಕ್ಕದ ಮೊಳೆಗಳಿಗೆ. ದೊಡ್ಡಪ್ಪನ ಮೇಜಿನ ಮೇಲೆ ಪ್ಯಾಂಟುಗಳ ರಾಶಿ. ಅದು ಜಾರದಂತೆ ಮೇಲೆ ಪ್ರಪಂಚದ ಸೈನ್ಯಗಳ ಪುಸ್ತಕ. ನೆಲದ ಮೇಲೆ ಆ ನಾಲ್ಕು ಹುಡುಗಿಯರು ಸಾಲಾಗಿ ಕೂತು ಗುಂಡಿ ಹಾಕುತ್ತಿದ್ದರು. ದೊಡ್ಡಮ್ಮ ನಡುಮಧ್ಯೆ ಮೆಷಿನ್ನು ಇಟ್ಟುಕೊಂಡು ಓಡಿಸುತ್ತಿದ್ದರು.

“ಏನೇ ಇದು!” ಎಂದರು ದೊಡ್ಡಪ್ಪ.

“ಮಳೆ ಹೊಡೀತಿತ್ತು ಕಣ್ರೀ. ನಾಳೀಕೆ ಕೊಡ್ಬೇಕು. ಒಂದರ್ಧ ಗಂಟೆ ಅಂತ ತಂದೆ, ಈಗ ಎತ್ತುಬುಡ್ತೀವಿ. ಏಳ್ರೇ, ಏಳ್ರೇ!”

ಅಧಿಕಾರಿಯೇ ಬೇಡ ಎಂದು ಕೈಯಾಡಿಸಿದರು. ಬೆಳಗಿನಿಂದ ಅವರ ಮುಖದಲ್ಲಿ ಕಾಣದಿದ್ದ ಗೆಲುವು ಈಗ ಕಂಡಿತು. ಇಷ್ಟು ದೂರ ಬಂದದ್ದಕ್ಕೆ ಅಲುಗಾಡುವ ವಸ್ತುವೊಂದು ಕೊನೆಗೂ ಸಿಕ್ಕಿತ್ತು. ಇದು ಯಾರ ಸಮವಸ್ತ್ರ ಎಂದು ಕೇಳಿದರು. ಬಸ್ ಡ್ರೈವರುಗಳದು ಎಂದು ದೊಡ್ಡಪ್ಪ ಸತ್ಯವನ್ನೇ ಹೇಳಿದರು. ಅಧಿಕಾರಿ ಅದನ್ನು ಎಲ್ಲಿ ಬರೆದುಕೊಂಡರು ಎಂದು ನಾನು ಬಗ್ಗಿ ನೋಡಿದೆ. ಅವರ ನಮೂನೆಯಲ್ಲೂ ಬಲತುದಿಯಲ್ಲೊಂದು ಷರಾ ಕಾಲಮ್ಮಿತ್ತು. ‘ಬಸ್ ಡ್ರೈವರುಗಳು’ ಎಂಬುದು ಅಲ್ಲಿಗೆ ಹೋಯಿತು. ಎಡಗಡೆ, ದೊಡ್ಡ ಕಾಲಮ್ಮಿನಲ್ಲಿ, ‘ತಪಾಸಣೆಯ ವೇಳೆ ನಡೆಯುತ್ತಿದ್ದ ಕೆಲಸ’ ಎಂಬುದರ ಎದುರು: ‘ಸಮವಸ್ತ್ರ ತಯಾರಿಕೆ. ಸಿಬ್ಬಂದಿ ಐವರು.’

ದೊಡ್ಡಮ್ಮ ಅವರಿಗೆ ಕಾಫಿ ಕೊಟ್ಟರು. ಅವರ ಅಂಗಿಯ ತೋಳಿನ ಗುಂಡಿ ಜೋತಾಡುತ್ತಿದ್ದುದನ್ನು ಕಂಡು, “ಕೈ ಕೊಡಪ್ಪ ಇಲ್ಲಿ,” ಎಂದು ಹಾಕಿಯೂ ಕೊಟ್ಟರು. ಅವರು ಮತ್ತೆ ಬಾಗಿಲಿಗೆ ತಲೆ ತಾಗಿಸಿಕೊಂಡು ಹೋದರು.

ದೊಡ್ಡಮ್ಮ ಅವತ್ತೇ ಎಲ್ಲವನ್ನೂ ಜಗುಲಿಗೆ ಸಾಗಿಸಿದರು. ಸೀಟು ಉಳಿಯಿತು ಎಂದು ದೊಡ್ಡಪ್ಪ ಹೇಳಿದಾಗ, “ಆಯ್ತಲ್ಲ,” ಎಂದಷ್ಟೇ ಅಂದರು. ಕೊಟ್ಟ ಮಾತಿನಂತೆ ಮತ್ತೆ ಕೋಣೆಯ ಸುದ್ದಿ ಎತ್ತಲಿಲ್ಲ. ಆ ಮಳೆಗಾಲದಲ್ಲಿ ಅವರು ಮೆಷಿನ್ನು ಎಳೆದುಕೊಂಡು ಓಣಿಗೆ ಬರುವಾಗ ದೊಡ್ಡಪ್ಪ ತಲೆ ತಗ್ಗಿಸಿ ಓದುತ್ತಿರುತ್ತಿದ್ದರು. ಪುಟ ಮಗುಚುತ್ತಿರಲಿಲ್ಲ.

ಅಕ್ಟೋಬರ್ 5, ಸೋಮವಾರ, ಮಧ್ಯಾಹ್ನ ಹನ್ನೆರಡೂವರೆಗೆ ಅಂಚೆಯವರು ರಿಜಿಸ್ಟರ್ಡ್ ಕಾಗದ ತಂದರು. ನಾನು ಓದಿ ಇಬ್ಬರಿಗೂ ಕನ್ನಡದಲ್ಲಿ ಹೇಳಿದೆ. ಗೌರವ ಪ್ರತಿನಿಧಿಯ ಕಚೇರಿಯಲ್ಲಿ ಸಮವಸ್ತ್ರ ತಯಾರಿಕಾ ಘಟಕ ನಡೆಯುತ್ತಿರುವುದು ತಪಾಸಣೆಯಲ್ಲಿ ಕಂಡುಬಂದಿದೆ. ರಕ್ಷಣಾ ಸಾಮಗ್ರಿ ತಯಾರಿಕೆಯಲ್ಲಿ ತೊಡಗಿರುವವರು ಸೈನ್ಯಗಳ ಬಗ್ಗೆ ನಿಷ್ಪಕ್ಷಪಾತ ವರದಿ ಕೊಡಲಾರರು. ಆದ್ದರಿಂದ ಸ್ಥಾನವನ್ನು ಹಿಂತೆಗೆದುಕೊಂಡು ದಕ್ಷಿಣ ಭಾರತದ ಬೇರೊಂದು ಊರಿಗೆ ಕೊಡಲಾಗಿದೆ. ಆನೆಗಳ ನಮೂದು ಮುಂದುವರಿಯುತ್ತದೆ.

ದೊಡ್ಡಮ್ಮ, “ನನ್ನಿಂದ ಹೋಯ್ತಾ?” ಎಂದರು. ಗೆದ್ದವರ ದನಿಯಲ್ಲ ಅದು.

“ನಿನ್ನಿಂದ ಅಲ್ಲ. ನಿಯಮ ಇದೆ,” ಎಂದರು ದೊಡ್ಡಪ್ಪ. ಎದ್ದು ಸ್ಟೂಲು ತಂದು ಬೋರ್ಡು ಇಳಿಸಿದರು. ಪುಸ್ತಕಗಳನ್ನು ಜಗುಲಿಗೆ ತಂದಿಟ್ಟರು.

“ರೀ, ಒಂದ್ ಮೂಲೇಲಿ ನಿಮ್ ಮೇಜು ಇರ್ಲಿ ಬುಡ್ರೀ. ಜಾಗ ಐತೆ. ಹುಡ್ಗೀರು ಏನ್ ಅನ್ಕಳಾಕಿಲ್ಲ.”

“ಆಗಲ್ಲ. ತಯಾರಿಕಾ ಘಟಕದ ಒಳಗೆ ನಾನು ಕೂತ್ಕೊಳ್ಳೋ ಹಾಗಿಲ್ಲ. ಕಾಗದದಲ್ಲಿ ಸ್ಪಷ್ಟವಾಗಿದೆ.”

“ಅಯ್ಯೋ, ಅವರು ತೆಗ್ದಾಕಿ ಆಯ್ತಲ್ರೀ! ಇನ್ನೇನ್ ನಿಯಮ?”

“ಅವರು ತೆಗೆದಿದ್ದಾರೆ. ನಾನು ಇನ್ನೂ ಚಾರ್ಜ್ ಕೊಟ್ಟಿಲ್ಲ,” ಎಂದರು ದೊಡ್ಡಪ್ಪ.

ಅಕ್ಟೋಬರ್ 12, ಸೋಮವಾರ, ಬೆಳಗ್ಗೆ ಹತ್ತಕ್ಕೆ ಬೀದಿ ಕಡೆಯ ಕೋಣೆಯಲ್ಲಿ ಹೊಲಿಗೆ ಕ್ಲಾಸು ಶುರುವಾಯಿತು. ಮೊದಲ ದಿನ ನಾಲ್ಕು ಜನ. ಈಗ ಮೂರು ವರ್ಷದಲ್ಲಿ ಕಲಿತು ಹೋದವರು ಮೂವತ್ತೊಂದು. ದೊಡ್ಡಪ್ಪ ಜಗುಲಿಯ ಮೇಲೆ ಕೂರುತ್ತಾರೆ. ಮಳೆ ಬೀಸಿದಾಗ ದೊಡ್ಡಮ್ಮ ಒಳಗಿನಿಂದ ಕೂಗುತ್ತಾರೆ. ದೊಡ್ಡಪ್ಪ ಹೊಸ್ತಿಲವರೆಗೆ ಬಂದು ನಿಲ್ಲುತ್ತಾರೆ, ಒಳಗೆ ಬರುವುದಿಲ್ಲ. ಹುಡುಗಿಯರಲ್ಲಿ ಒಬ್ಬಳು ಹೊಸ್ತಿಲ ಆಚೆಗೆ ಒಂದು ಕುರ್ಚಿ ಹಾಕುತ್ತಾಳೆ.

ಸರ್ಕಾರಿ ನೌಕರನೊಬ್ಬ ಹುದ್ದೆ ಬಿಡುವಾಗ ತನ್ನ ವಶದಲ್ಲಿದ್ದ ವಸ್ತುಗಳ ಪಟ್ಟಿ ಮಾಡಿ, ಬಂದವನ ಸಹಿ ಪಡೆದು ಒಪ್ಪಿಸಬೇಕು. ಅದು ಚಾರ್ಜ್ ಕೊಡುವುದು. ದೊಡ್ಡಪ್ಪನ ಪಟ್ಟಿಯನ್ನು ಮೂರು ಪ್ರತಿಯಲ್ಲಿ ನಾನೇ ಟೈಪು ಮಾಡಿದ್ದೇನೆ. ಬೋರ್ಡು ಒಂದು. ರಬ್ಬರ್ ಸ್ಟಾಂಪು ಒಂದು. ಗುರುತಿನ ಚೀಟಿ ಒಂದು. ಪುಸ್ತಕ ಮೂರು. ಹಳೇಬೀಡಿನ ಆನೆಗಳು, ಇದ್ದಲ್ಲೇ ಇದ್ದಂತೆ. ಹೊಸ ಪ್ರತಿನಿಧಿ ಯಾರೆಂದು ಕೇಳಿ ಸಂಸ್ಥೆಗೆ ಆರು ಕಾಗದ ಬರೆದೆವು. ಉತ್ತರವಿಲ್ಲ. ಸಹಿ ಬೀಳುವವರೆಗೆ ದೊಡ್ಡಪ್ಪ ಕೋಣೆಯೊಳಗೆ ಕಾಲಿಡುವುದಿಲ್ಲ. ಅವರಿಗೆ ಈಗ ಅರವತ್ತಮೂರು. ಜಗುಲಿಯ ಗಾಳಿಗೆ ಮಂಡಿ ನೋವು ಶುರುವಾಗಿದೆ.

ಆದ್ದರಿಂದ ಕೇಳುತ್ತಿದ್ದೇನೆ. 1998ರ ಅಕ್ಟೋಬರಿನ ನಂತರ ದಕ್ಷಿಣ ಭಾರತದ ಯಾವ ಊರಿನಲ್ಲಾದರೂ ಇಂಥದೊಂದು ಸಂಸ್ಥೆಯ ಬೋರ್ಡನ್ನು ಕಂಡವರು, ಅಥವಾ ಮನೆಯಲ್ಲಿ ಅಂಥ ಗುರುತಿನ ಚೀಟಿ ಇರುವವರು, ದಯವಿಟ್ಟು ನೀವು ಓದುತ್ತಿರುವ ಈ ಪುಸ್ತಕದ ಪ್ರಕಾಶಕರಿಗೆ ಒಂದು ಕಾರ್ಡು ಬರೆಯಿರಿ. ನೀವು ಅರಸೀಕೆರೆಗೆ ಬರಬೇಕಿಲ್ಲ. ಪಟ್ಟಿ ಹಿಡಿದುಕೊಂಡು ನಾವೇ ಬರುತ್ತೇವೆ. ಒಂದು ಸಹಿ ಸಾಕು.